ಮರಳಿ ಬರುವವನಿಗೆ ಹೊಣೆ ಯಾರು?

೧

ನಮ್ಮ ದೇವರಾಜ ಮೊಹಲ್ಲಾದ ಬೀದಿಗಳಲ್ಲಿ ಸಂಜೆಯ ವೇಳೆ ನಾಲ್ವರು ಹಿರಿಯರು ಜಗುಲಿಯ ಮೇಲೆ ಕುಳಿತರೆ, ರಾಜ್ಯದ ಆಡಳಿತದಿಂದ ಹಿಡಿದು ಮಾರುಕಟ್ಟೆಯ ವೀಳೆಯದೆಲೆಯ ಧಾರಣೆಯವರೆಗೆ ಸಕಲ ವಿಷಯಗಳೂ ಚರ್ಚೆಗೆ ಬರುವುವು. ಆದರೆ ಒಂದು ಸುದ್ದಿ ಬಂದಾಗ ಮಾತ್ರ ಎಲ್ಲರ ಧ್ವನಿಯೂ ತಗ್ಗುವುದು. ಬುದ್ಧಿ ಕದಡಿದ್ದ ಕಾಲದಲ್ಲಿ ಯಾರ ಮೇಲೋ ಕೈಮಾಡಿ, ನ್ಯಾಯಸ್ಥಾನದಿಂದ ಆಸ್ಪತ್ರೆಗೆ ಕಳುಹಿಸಲ್ಪಟ್ಟಿದ್ದವನೊಬ್ಬನು ಗುಣಹೊಂದಿ ಮನೆಗೆ ಮರಳುವನೆಂಬುದೇ ಆ ಸುದ್ದಿ. ‘ಬರಲಿ’ ಎನ್ನುವವರಿಗೂ ‘ಬೇಡ’ ಎನ್ನುವವರಿಗೂ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ನಾಳೆ ಏನಾದರೂ ಆದರೆ ಹೊಣೆ ಯಾರು?

ಈ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕ ಮಹಾಶಯರ ಮುಂದಿಡಬೇಕೆಂದು ಬಹುಕಾಲದಿಂದ ಎಣಿಸಿದ್ದೆನು. ನಾನು ವೈದ್ಯನಲ್ಲ, ನ್ಯಾಯವಾದಿಯೂ ಅಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಪಾಠ ಹೇಳಿ ವಿಶ್ರಾಂತನಾದ ಉಪಾಧ್ಯಾಯನು. ಆದರೂ ಇದನ್ನು ಬರೆಯುವುದಕ್ಕೆ ನನಗೆ ಸ್ವಂತವಾದ ಒಂದು ಕಾರಣವುಂಟು. ಪ್ರಸಕ್ತಿ ಬಂದೆಡೆ ಅದನ್ನು ಮರೆಮಾಚದೆ ಹೇಳುವೆನು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಿತ್ತದ ಬೇನೆಯುಳ್ಳವರಲ್ಲಿ ಬಹುಮಂದಿ ಯಾರಿಗೂ ಕೇಡು ಮಾಡುವವರಲ್ಲ. ಅನೇಕರು ಇತರರಿಂದ ಕೇಡನ್ನು ಅನುಭವಿಸುವವರು. ಈ ಲೇಖನವು ಅವರೆಲ್ಲರ ವಿಷಯವಲ್ಲ. ಬೇನೆಯ ವಶದಲ್ಲಿ ಅಪರಾಧವೆನಿಸುವ ಕೃತ್ಯವನ್ನು ಮಾಡಿ ನ್ಯಾಯಾಲಯದ ಅಧೀನಕ್ಕೆ ಬಂದ ಅಲ್ಪಸಂಖ್ಯೆಯವರನ್ನು ಕುರಿತದ್ದು. ಹಳೆಯ ಕಾಯಿದೆಗಳು ಇವರನ್ನು ‘ಹುಚ್ಚ ಅಪರಾಧಿಗಳು’ ಎಂದು ಕರೆದುವು. ಆ ಮಾತು ನಿಷ್ಠುರವಾದುದರಿಂದ ನಾನು ‘ಚಿತ್ತವಿಕಲ’ ಎಂಬ ಶಬ್ದವನ್ನು ಬಳಸುವೆನು.

೨

ನಮ್ಮ ಪ್ರಾಚೀನರು ಈ ವಿಷಯವನ್ನು ಎರಡು ಬೇರೆ ಬೇರೆ ಶಾಸ್ತ್ರಗಳಲ್ಲಿ ಎರಡು ತುದಿಗಳಿಂದ ಹಿಡಿದಿರುವರು. ಒಂದು ಅರ್ಥಶಾಸ್ತ್ರ. ಇದರ ಓಲೆಯ ಪ್ರತಿಯು ನಮ್ಮ ಊರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು, ಅಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳಿಂದ ಗುರುತಿಸಲ್ಪಟ್ಟು, ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆಲ್ಲ ತಿಳಿದುದು ಮೈಸೂರಿನವರಿಗೆ ಮರೆಯಲಾಗದ ಸಂಗತಿ. ಆ ಗ್ರಂಥದ ನಾಗರಿಕ ಪ್ರಕರಣದಲ್ಲಿ ಸೆರೆಮನೆಯ ಬಿಡುಗಡೆಯ ಪ್ರಸ್ತಾಪವಿದೆ. ರಾಜನ ಜನ್ಮನಕ್ಷತ್ರದ ದಿನವೂ ಹುಣ್ಣಿಮೆಯ ದಿನವೂ ಬಾಲರು, ವೃದ್ಧರು, ವ್ಯಾಧಿಗ್ರಸ್ತರು, ಅನಾಥರು ಇವರನ್ನು ಬಿಡತಕ್ಕದ್ದೆಂದು ಕೌಟಿಲ್ಯನು ಹೇಳುವನು. ಪುಣ್ಯಶೀಲರಾದವರಾಗಲಿ ಒಪ್ಪಂದದಿಂದ ಬದ್ಧರಾದವರಾಗಲಿ ದೋಷಕ್ಕೆ ತಕ್ಕ ನಿಷ್ಕ್ರಯವನ್ನು ತೆತ್ತು ಬಿಡಿಸಬಹುದೆಂದೂ ಹೇಳುವನು. ಒಬ್ಬನ ಬಿಡುಗಡೆಗೆ ಮತ್ತೊಬ್ಬನು ಹೊಣೆಯಾಗುವ ಪದ್ಧತಿಯ ಬೀಜವು ಇಲ್ಲಿದೆಯೆಂದು ನನಗೆ ತೋರುವುದು.

ಇನ್ನೊಂದು ಆಯುರ್ವೇದ. ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿ, ಔಷಧಗಳನ್ನು ವಿಧಿಸುವುದಲ್ಲದೆ, ಧರ್ಮಾರ್ಥಯುಕ್ತವಾದ ಮಾತುಗಳಿಂದ ಸ್ನೇಹಿತನು ರೋಗಿಯನ್ನು ಸಮಾಧಾನಪಡಿಸಬೇಕೆಂದೂ ಹೇಳುವುದು. ಇದಕ್ಕಿಂತ ಮುಖ್ಯವಾದುದು ಸೂತ್ರಸ್ಥಾನದ ಪ್ರಸಿದ್ಧ ಸಿದ್ಧಾಂತ: ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳು. ಇವುಗಳಲ್ಲಿ ಯಾವುದು ಕುಂಟಿದರೂ ಚಿಕಿತ್ಸೆಯು ನಿಲ್ಲಲಾರದು. ರೋಗಿಯು ಚಿಕಿತ್ಸೆಯ ವಿಷಯ ಮಾತ್ರವಲ್ಲ, ಅದರ ಒಂದು ಕಾಲು ಎಂಬ ಈ ಭಾವನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುವೆನು.

ಯಾಜ್ಞವಲ್ಕ್ಯಾದಿ ಸ್ಮೃತಿಕಾರರು ಉನ್ಮತ್ತನು ಮಾಡಿದ ವ್ಯವಹಾರ ಸಿಂಧುವಲ್ಲವೆಂದರು. ಅರ್ಥಶಾಸ್ತ್ರಕಾರನು ವ್ಯಾಧಿತನನ್ನು ಸೆರೆಯಿಂದ ಬಿಡಿಸೆಂದನು. ಚರಕನು ನಾಲ್ಕು ಕಾಲುಗಳ ಮೇಲೆ ಚಿಕಿತ್ಸೆಯನ್ನು ನಿಲ್ಲಿಸಿದನು. ಆದರೆ ಬಿಡಿಸಿದ ಮೇಲೆ ಅವನು ಎಲ್ಲಿಗೆ ಹೋಗಬೇಕು, ಅಲ್ಲಿ ಅವನನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈ ಮೂವರೂ ಒಂದೆಡೆ ಕೂಡಿಸಿ ಹೇಳಲಿಲ್ಲ. ಕೂಡುಕುಟುಂಬದ ಕಾಲದಲ್ಲಿ ಆ ಪ್ರಶ್ನೆಯೇ ಹುಟ್ಟಲಿಲ್ಲವೋ ಏನೋ!

೩

ಇಂದಿನ ನ್ಯಾಯಪದ್ಧತಿಯು ಇಂಗ್ಲೆಂಡಿನಿಂದ ಬಂದುದು. ೧೮೦೦ನೆಯ ಇಸವಿಯ ಮೇ ೧೫ರಂದು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕನು ಮೂರನೆಯ ಜಾರ್ಜ್ ದೊರೆಯತ್ತ ಪಿಸ್ತೂಲು ಹಾರಿಸಿದನು. ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು ಅವನ ಬುದ್ಧಿ ಕೆಟ್ಟಿದ್ದಿತು. ಪಂಚಾಯಿತರು ಅವನನ್ನು ನಿರಪರಾಧಿಯೆಂದರು. ಆದರೆ ಬಿಟ್ಟುಬಿಡುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ಆದುದರಿಂದ ಪಾರ್ಲಿಮೆಂಟು ಆ ವರ್ಷವೇ ಒಂದು ಕಾಯಿದೆಯನ್ನು ಮಾಡಿ, ಇಂಥವರನ್ನು ದೊರೆಯ ಇಚ್ಛೆಯಿರುವವರೆಗೆ ಕಾವಲಿನಲ್ಲಿಡಬಹುದೆಂದು ವಿಧಿಸಿತು. ೧೮೪೩ರಲ್ಲಿ ಮಕ್ನಾಟನ್ ಎಂಬವನ ಮೊಕದ್ದಮೆಯಾದ ಮೇಲೆ ಇಂಗ್ಲೆಂಡಿನ ನ್ಯಾಯಾಧೀಶರು ಬುದ್ಧಿವೈಕಲ್ಯದ ಸೂತ್ರವನ್ನು ನಿರ್ಣಯಿಸಿದರು. ಅದೇ ೧೮೬೦ರ ಭಾರತ ದಂಡಸಂಹಿತೆಯ ೮೪ನೆಯ ಪ್ರಕರಣದಲ್ಲಿ ಬೇರೆ ಮಾತುಗಳಿಂದ ನೆಲೆಗೊಂಡಿತು. ಕೃತ್ಯದ ಕಾಲದಲ್ಲಿ ಚಿತ್ತವೈಕಲ್ಯದ ದೆಸೆಯಿಂದ ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ತಿಳಿಯಲಾರದವನು ಅಪರಾಧಿಯಲ್ಲ ಎಂಬುದು ಅದರ ತಾತ್ಪರ್ಯ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ತತ್ತ್ವವೇ ೨೨ನೆಯ ಪ್ರಕರಣವಾಗಿ ಉಳಿದಿದೆ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಶಿಕ್ಷೆಗೊಳಗಾದವನಿಗೆ ಸಾಮಾನ್ಯವಾಗಿ ಬಿಡುಗಡೆಯ ತೇದಿಯೊಂದುಂಟು. ಅವನು ದಿನಗಳನ್ನು ಎಣಿಸಬಲ್ಲನು. ನಿರಪರಾಧಿಯೆಂದು ತೀರ್ಪು ಪಡೆದ ಚಿತ್ತವಿಕಲನಿಗೆ ತೇದಿಯಿಲ್ಲ. ಅವನು ಗುಣಹೊಂದಬೇಕು; ಗುಣಹೊಂದಿದನೆಂದು ಇತರರು ಹೇಳಬೇಕು; ಹೇಳಿದುದನ್ನು ಬೇರೆಯವರು ನಂಬಬೇಕು; ನಂಬಿದ ಮೇಲೆ ಇನ್ನೊಬ್ಬರು ಅವನನ್ನು ಮನೆಗೆ ಸೇರಿಸಿಕೊಳ್ಳಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಅವನು ಇದ್ದಲ್ಲಿಯೇ ಉಳಿಯುವನು.

೪

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ೧೮೪೭ರಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆ ಪ್ರಾರಂಭವಾಯಿತು. ಅದರ ಸ್ಥಾಪನೆಗೆ ಕಾರಣರಾದವರು ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರು. ಮೈಸೂರು ಸರ್ಕಾರವು ೧೯೨೫ರಲ್ಲಿ ಆ ಹೆಸರನ್ನು ತೆಗೆದು ‘ಮಾನಸಿಕ ಆಸ್ಪತ್ರೆ’ ಎಂದು ಹೆಸರಿಟ್ಟಿತು. ಹೆಸರಿನ ಬದಲಾವಣೆ ಅಲ್ಪವೆಂದು ತಿಳಿಯಬಾರದು. ಹುಚ್ಚರನ್ನು ಇಟ್ಟುಕೊಳ್ಳುವ ಸ್ಥಳಕ್ಕೂ ಮನಸ್ಸಿನ ಬೇನೆಯನ್ನು ವಾಸಿಮಾಡುವ ಸ್ಥಳಕ್ಕೂ ಇರುವ ಅಂತರವು ಆ ಎರಡು ಹೆಸರುಗಳಲ್ಲಿದೆ. ಡಾಕ್ಟರ್ ಫ್ರಾಂಕ್ ನರೋನ್ಹ ಅವರ ಕಾಲದಲ್ಲಿ, ೧೯೩೭ರಲ್ಲಿ, ಆಸ್ಪತ್ರೆಯು ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊಸೂರು ರಸ್ತೆಯ ವಿಶಾಲವಾದ ಸ್ಥಳಕ್ಕೆ ಬಂದಿತು.

ಇತರ ಪ್ರಾಂತಗಳ ಸ್ಥಿತಿಯೊಡನೆ ಹೋಲಿಸಿದರೆ ಇದರ ಬೆಲೆ ತಿಳಿಯುವುದು. ಭೋರ್ ಸಮಿತಿಗಾಗಿ ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರೀಕ್ಷಿಸಿದ ಕರ್ನಲ್ ಮೂರ್ ಟೇಲರ್ ಅವರು, ೧೯೪೬ರಲ್ಲಿ, ಇವುಗಳಲ್ಲಿ ಹೆಚ್ಚಿನವು ಕಾಲಕ್ಕೆ ಹಿಂದುಳಿದವು, ಬಂಧನಕ್ಕಾಗಿ ಕಟ್ಟಲ್ಪಟ್ಟವೇ ಹೊರತು ಚಿಕಿತ್ಸೆಗಲ್ಲವೆಂದು ವರದಿಮಾಡಿದರು. ದೇಶಕ್ಕೆಲ್ಲ ಆಗ ಇದ್ದ ಹಾಸಿಗೆಗಳು ಹತ್ತು ಸಾವಿರದ ಆಸುಪಾಸು.

ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಪ್ರಾರಂಭವಾಗಿ, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ನಮ್ಮ ವಿಷಯಕ್ಕೆ ಸಂಬಂಧಪಟ್ಟ ಮುಖ್ಯಾಂಶವೇನೆಂದರೆ, ಅಲ್ಲಿ ವೈದ್ಯರಿಗೆ ಮಾತ್ರವಲ್ಲದೆ ಮನಶ್ಶಾಸ್ತ್ರಜ್ಞರಿಗೂ ದಾದಿಯರಿಗೂ, ಮುಂದೆ ಸಮಾಜಕಾರ್ಯಕರ್ತರಿಗೂ, ಒಂದೇ ಆವರಣದಲ್ಲಿ ಶಿಕ್ಷಣ ದೊರೆಯಿತು. ಚಿತ್ತದ ಬೇನೆಯನ್ನು ಒಬ್ಬನ ಕಣ್ಣಿನಿಂದ ಪೂರ್ತಿಯಾಗಿ ನೋಡಲಾಗದೆಂಬ ಅರಿವು ಹೀಗೆ ನಮ್ಮ ನಾಡಿನಲ್ಲಿ ಬೇರೂರಿತು. ಅದೇ ಸುಮಾರಿನಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನೇ ಆಸ್ಪತ್ರೆಯ ಆವರಣದಲ್ಲಿ ಗುಡಾರ ಹಾಕಿಸಿ ಇರಿಸಿಕೊಂಡು, ಚಿಕಿತ್ಸೆಯಲ್ಲಿ ಅವರಿಗೂ ಪಾಲು ಕೊಟ್ಟರು. ಚರಕನ ಪರಿಚಾರಕಪಾದವು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ನೆಲಕ್ಕೆ ಊರಿದ ಬಗೆಯಿದು.

೫

ಇಷ್ಟಾದರೂ ನ್ಯಾಯಾಲಯದಿಂದ ಬಂದ ಚಿತ್ತವಿಕಲನ ಬಿಡುಗಡೆಯು ವೈದ್ಯರೊಬ್ಬರ ಕೈಯಲ್ಲಿರಲಿಲ್ಲ, ಇಂದಿಗೂ ಇಲ್ಲ. ಅದರ ವಿಧಾನವನ್ನು ೧೮೯೮ರ ಅಪರಾಧ ಪ್ರಕ್ರಿಯಾ ಸಂಹಿತೆಯು ಗೊತ್ತುಮಾಡಿತು. ೧೯೭೩ರ ಸಂಹಿತೆಯು ೩೩೮, ೩೩೯ನೆಯ ಪ್ರಕರಣಗಳಲ್ಲಿ ಅದನ್ನೇ ಮುಂದುವರಿಸಿತು. ಆಸ್ಪತ್ರೆಯ ಸಂದರ್ಶಕರಾಗಲಿ ಸೆರೆಮನೆಗಳ ಮುಖ್ಯಾಧಿಕಾರಿಯಾಗಲಿ, ಈತನನ್ನು ಬಿಟ್ಟರೆ ತನಗೂ ಪರರಿಗೂ ಹಾನಿಮಾಡಿಕೊಳ್ಳನೆಂದು ಪ್ರಮಾಣಪತ್ರ ಕೊಡಬೇಕು. ಸರ್ಕಾರವು ಬಿಡಬಹುದು, ಇರಿಸಿಕೊಳ್ಳಬಹುದು, ಇಲ್ಲವೆ ಒಬ್ಬ ನ್ಯಾಯಾಧಿಕಾರಿಯನ್ನೂ ಇಬ್ಬರು ವೈದ್ಯಾಧಿಕಾರಿಗಳನ್ನೂ ಕೂಡಿಸಿ ಆಯೋಗವನ್ನು ನೇಮಿಸಿ ವಿಚಾರಣೆ ಮಾಡಿಸಬಹುದು. ಇದಲ್ಲದೆ, ಬಂಧು ಅಥವಾ ಸ್ನೇಹಿತನಾದವನು ಅರ್ಜಿ ಕೊಟ್ಟು, ಈತನನ್ನು ಚೆನ್ನಾಗಿ ನೋಡಿಕೊಳ್ಳುವೆನು, ಯಾರಿಗೂ ಹಾನಿಯಾಗದಂತೆ ತಡೆಯುವೆನು, ಹೇಳಿದ ಕಾಲಕ್ಕೆ ಹೇಳಿದ ಸ್ಥಳದಲ್ಲಿ ತಪಾಸಣೆಗೆ ಹಾಜರುಪಡಿಸುವೆನು ಎಂದು ಜಾಮೀನು ಬರೆದುಕೊಟ್ಟರೆ, ಅವನ ವಶಕ್ಕೆ ಒಪ್ಪಿಸಬಹುದು.

ಇದಕ್ಕೆ ಮುನ್ನವೇ ಬ್ರಿಟಿಷ್ ಇಂಡಿಯಕ್ಕಾಗಿ ಮಾಡಿದ ೧೯೧೨ರ ಕಾಯಿದೆಯು, ಹೀಗೆ ಬಂಧಿತನಾದವನನ್ನು ಆರು ತಿಂಗಳಿಗೊಮ್ಮೆಯಾದರೂ ಅಧಿಕಾರಿಗಳು ಕಂಡು, ಅವನ ಮನಃಸ್ಥಿತಿಯನ್ನು ಕುರಿತು ವರದಿಮಾಡಬೇಕೆಂದು ಹೇಳಿದ್ದಿತು. ನ್ಯಾಯಾಧಿಕಾರಿ, ಇಬ್ಬರು ವೈದ್ಯರು, ಸಂದರ್ಶಕರು, ಬಂಧು, ಸ್ನೇಹಿತ! ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕೂಟವನ್ನು ಕಲ್ಪಿಸುವುದು ಕಷ್ಟ.

ಆದರೆ ನಡೆದುದೇನು? ಬಿಹಾರದ ಹಜಾರಿಬಾಗ್ ಸೆರೆಮನೆಯಲ್ಲಿ ಚಿತ್ತಸ್ವಾಸ್ಥ್ಯವನ್ನು ಮರಳಿ ಪಡೆದಿದ್ದರೂ, ಸರ್ಕಾರದ ಉತ್ತರ ಬಾರದ ಕಾರಣ, ಇಪ್ಪತ್ತು ಮೂವತ್ತು ವರ್ಷ ಕೊಳೆಯುತ್ತಿದ್ದವರ ಸಂಗತಿಯು ಒಂದು ಕಾಗದದ ಮೂಲಕ ೧೯೮೨ರಲ್ಲಿ ಸುಪ್ರೀಂ ಕೋರ್ಟಿಗೆ ಮುಟ್ಟಿತು. ವೀಣಾ ಸೇಠಿ ಮೊಕದ್ದಮೆಯೆಂದು ಅದು ಹೆಸರಾಗಿದೆ. ಅಸ್ಸಾಮಿನ ಮಚಾಲ್ ಲಾಲುಂಗ್ ಎಂಬವನು ೧೯೫೧ರಲ್ಲಿ ಹಿಡಿಯಲ್ಪಟ್ಟು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲ್ಪಟ್ಟನು. ೧೯೬೭ರಲ್ಲಿ ಅವನು ಗುಣಹೊಂದಿರುವನೆಂದು ಆಸ್ಪತ್ರೆಯೇ ಬರೆಯಿತು. ಆದರೆ ಅವನನ್ನು ಮನೆಗಲ್ಲ, ಗುವಾಹಟಿಯ ಸೆರೆಮನೆಗೆ ಕಳುಹಿಸಿದರು. ಬಿಡುಗಡೆಯಾದುದು ೨೦೦೫ರಲ್ಲಿ, ಐವತ್ತನಾಲ್ಕು ವರ್ಷಗಳ ಮೇಲೆ, ಒಂದು ರೂಪಾಯಿಯ ಮುಚ್ಚಳಿಕೆಯಿಂದ. ೨೦೦೭ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಕೊಡಿಸಿ, ಇಂಥವರ ವಿಷಯದಲ್ಲಿ ನಿಯತಕಾಲಕ್ಕೆ ನ್ಯಾಯಾಲಯಕ್ಕೆ ವರದಿ ಹೋಗಬೇಕೆಂದು ಆಜ್ಞಾಪಿಸಿತು. ಆ ವರ್ಷವೇ ಅವನು ತೀರಿಕೊಂಡನು.

ಇವರನ್ನು ದ್ವೇಷಿಸಿದವರು ಯಾರೂ ಇರಲಿಲ್ಲ. ವೈದ್ಯನು ತನ್ನ ಕಾಗದವನ್ನು ಬರೆದನು. ಸೆರೆಮನೆಯವನು ತನ್ನ ದಾಖಲೆಯನ್ನು ಇಟ್ಟನು. ಗುಮಾಸ್ತನು ಕಡತವನ್ನು ಕಟ್ಟಿದನು. ಪ್ರತಿಯೊಬ್ಬನೂ ತನ್ನ ಪಾಲಿನ ರುಜುವನ್ನು ಹಾಕಿದನು. ಎಲ್ಲರೂ ಒಂದು ದಿನ ಒಂದು ಮೇಜಿನ ಸುತ್ತ ಕುಳಿತು ‘ಈತನು ಎಲ್ಲಿಗೆ, ಯಾವಾಗ, ಯಾರೊಡನೆ ಹೋಗುವನು?’ ಎಂದು ಕೇಳುವ ಕರ್ತವ್ಯ ಮಾತ್ರ ಯಾರದೂ ಆಗಿರಲಿಲ್ಲ.

೬

ಈಗ ನನ್ನ ಮಾತನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮೊಹಲ್ಲಾದ ಹುಡುಗನೊಬ್ಬನು ನನ್ನ ಬಳಿ ಓದಿದನು. ಶಬ್ದರೂಪಗಳನ್ನು ಒಪ್ಪಿಸುವುದರಲ್ಲಿ ಚುರುಕು, ಸ್ವಭಾವ ಸಾಧು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ನಿದ್ರೆ ಹೋಯಿತು, ಅನ್ನದಲ್ಲಿ ವಿಷವಿದೆಯೆನ್ನತೊಡಗಿದನು. ಒಂದು ರಾತ್ರಿ ಸೋದರಮಾವನು ಸಮಾಧಾನ ಹೇಳಲು ಹೋದಾಗ, ಕೊಲ್ಲಲು ಬಂದನೆಂದು ಭ್ರಮಿಸಿ ಒನಕೆಯಿಂದ ಹೊಡೆದನು. ಆ ಪೆಟ್ಟಿನಿಂದ ಆ ಪುಣ್ಯಾತ್ಮರು ತೀರಿಕೊಂಡರು. ನ್ಯಾಯಾಲಯವು ಚಿತ್ತವೈಕಲ್ಯದ ಕಾರಣದಿಂದ ಹುಡುಗನನ್ನು ನಿರಪರಾಧಿಯೆಂದು ಆಸ್ಪತ್ರೆಯ ಕಾವಲಿಗೆ ಕಳುಹಿಸಿತು.

೧೯೯೭ರಲ್ಲಿ ಅವನ ತಾಯಿ ನನ್ನ ಮನೆಗೆ ಬಂದಳು. ಸತ್ತವನು ಅವಳ ಒಡಹುಟ್ಟಿದವನು. ಹೊಡೆದವನು ಅವಳ ಮಗ. ಅವಳ ಕೈಯಲ್ಲಿ ಒಂದು ಅರ್ಜಿಯಿದ್ದಿತು.

“ಮೇಷ್ಟ್ರೇ, ಗುಣವಾಗಿದೆ ಅಂತ ಡಾಕ್ಟರು ಹೇಳ್ತಾರೆ. ನೆಂಟ ಇಲ್ಲವೆ ಸ್ನೇಹಿತ ಜಾಮೀನು ನಿಲ್ಲಬೇಕಂತೆ. ನೆಂಟರು ಯಾರೂ ನನ್ನ ಮುಖ ನೋಡೋದಿಲ್ಲ. ನೀವು ಅವನಿಗೆ ಪಾಠ ಹೇಳಿದೋರು, ಒಂದು ರುಜು ಹಾಕಿಕೊಡಿ” ಎಂದಳು.

ನಾನು ಅರ್ಜಿಯನ್ನು ಓದಿದೆನು. ಯಾರಿಗೂ ಹಾನಿಯಾಗದಂತೆ ತಡೆಯುವೆನೆಂಬ ವಾಕ್ಯದಲ್ಲಿ ನನ್ನ ಕಣ್ಣು ನಿಂತಿತು. ನನ್ನ ಮನೆಯಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳಿದ್ದರು. ಅವನಿಗೆ ನಿದ್ರೆ ಬಂದಿತೇ ಇಲ್ಲವೇ ಎಂದು ನಾನು ಹೇಗೆ ತಿಳಿಯಲಿ? ಗುಳಿಗೆಯನ್ನು ನುಂಗದಿದ್ದರೆ ಯಾರಿಗೆ ಹೇಳಲಿ? “ಯೋಚನೆ ಮಾಡಿ ಹೇಳುತ್ತೇನಮ್ಮಾ” ಎಂದೆನು. ಅವಳು ನನ್ನ ಮಾತಿನ ಅರ್ಥವನ್ನು ತಿಳಿದುಕೊಂಡಳು, ಮತ್ತೆ ಬರಲಿಲ್ಲ. ಚರಕನ ಸುಹೃದ್ವಾಕ್ಯವನ್ನು ಬಾಯಿಪಾಠ ಮಾಡಿದ್ದವನು ಸುಹೃತ್ತಾಗಬೇಕಾದಾಗ ಹಿಂಜರಿದನು. ಆರು ವರ್ಷಗಳ ಮೇಲೆ ಆಕೆ ಕಾಲವಾದಳು. ಮಗನು ಆಗಲೂ ಕಾವಲಿನಲ್ಲಿದ್ದನು.

ನನ್ನ ಭಯವು ಸುಳ್ಳಾಗಿರಲಿಲ್ಲ. ಆದರೆ ಅದೇ ನನ್ನ ನಿರಾಕರಣೆಗೆ ಸಮರ್ಥನೆಯೂ ಅಲ್ಲ. ಇದನ್ನು ಬಹುಕಾಲ ಯೋಚಿಸಿದ ಮೇಲೆ ನನಗೆ ಕಂಡುದಿಷ್ಟು: ಆ ಕಾಗದವು ಇಡೀ ಹೊರೆಯನ್ನು ಒಬ್ಬನ ಹೆಗಲಿಗೆ ಕೊಟ್ಟಿದ್ದಿತು. ಹತ್ತು ಜನ ಹೊರಬೇಕಾದ ತೇರನ್ನು ಒಬ್ಬನೇ ಎಳೆಯೆಂದರೆ, ಅವನು ಹಗ್ಗವನ್ನೇ ಮುಟ್ಟುವುದಿಲ್ಲ.

೭

ಜನರ ಭಯವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಅರಿಯಲು ಹೊರದೇಶಗಳ ಎರಡು ಸಂಗತಿಗಳನ್ನು ಜೊತೆಯಾಗಿ ನೋಡಬೇಕು. ೧೯೬೬ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬ್ಯಾಕ್ಸ್‌ಟ್ರಾಮ್ ಎಂಬವನ ಮೊಕದ್ದಮೆಯಲ್ಲಿ, ಶಿಕ್ಷೆಯ ಅವಧಿ ಮುಗಿದವನನ್ನು ತಕ್ಕ ವಿಚಾರಣೆಯಿಲ್ಲದೆ ಅಪರಾಧಿಗಳ ಮಾನಸಿಕ ಆಸ್ಪತ್ರೆಯಲ್ಲಿ ಹಿಡಿದಿಡಬಾರದೆಂದು ತೀರ್ಪು ಕೊಟ್ಟಿತು. ಅದರಂತೆ ನ್ಯೂಯಾರ್ಕ್ ಸಂಸ್ಥಾನದ ಬಲವಾದ ಕಾವಲಿನ ಆಸ್ಪತ್ರೆಗಳಿಂದ ಒಂಬೈನೂರಕ್ಕೂ ಮಿಕ್ಕ ರೋಗಿಗಳನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ಇವರೆಲ್ಲರೂ ಅಪಾಯಕಾರಿಗಳೆಂದು ಗುರುತಿಸಲ್ಪಟ್ಟಿದ್ದವರು. ಅನರ್ಥವಾಗುವುದೆಂದು ಅನೇಕರು ಹೆದರಿದ್ದರು. ಸ್ಟೆಡ್‌ಮನ್, ಕೊಕೋಜಾ ಎಂಬ ವಿದ್ವಾಂಸರು ವರ್ಷಗಟ್ಟಲೆ ಇವರ ಜಾಡನ್ನು ಹಿಡಿದು ನೋಡಿದಾಗ, ಅತ್ಯಲ್ಪ ಮಂದಿಯನ್ನು ಮಾತ್ರ ಬಲವಾದ ಕಾವಲಿಗೆ ಮರಳಿ ಕಳುಹಿಸಬೇಕಾಗಿ ಬಂದಿದ್ದಿತು. ಉಳಿದವರಲ್ಲಿ ಅನೇಕರು ಮನೆಗಳಿಗೆ ಹೋದರು.

ಇದರ ಎದುರಿಗೆ ಇನ್ನೊಂದು. ಇಂಗ್ಲೆಂಡಿನಲ್ಲಿ ಹುಡುಗನಾಗಿದ್ದಾಗಲೇ ಮನೆಯವರಿಗೆ ವಿಷವಿಕ್ಕಿ ಬ್ರಾಡ್‌ಮೂರ್ ಆಸ್ಪತ್ರೆ ಸೇರಿದ್ದ ಗ್ರಹಾಂ ಯಂಗ್ ಎಂಬವನು ೧೯೭೧ರಲ್ಲಿ ಗುಣಹೊಂದಿದನೆಂದು ಬಿಡುಗಡೆಯಾದನು. ಅವನ ಪೂರ್ವವೃತ್ತಾಂತವು ಕೆಲಸ ಕೊಟ್ಟವರಿಗೆ ತಿಳಿದಿರಲಿಲ್ಲ. ಅವನು ಜೊತೆಯ ಕೆಲಸಗಾರರಿಗೆ ವಿಷವಿಕ್ಕಿದನು, ಇಬ್ಬರು ಸತ್ತರು. ಅನಂತರ ಅಲ್ಲಿಯ ಸರ್ಕಾರವು ಆರ್ವೋಲ್ಡ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ೧೯೭೩ರಲ್ಲಿ ಅದು ವರದಿ ಕೊಟ್ಟ ಮೇಲೆ, ವಿಶೇಷ ಎಚ್ಚರ ಬೇಕಾದವರ ಬಿಡುಗಡೆಯನ್ನು ಒಬ್ಬ ವೈದ್ಯನ ಅಭಿಪ್ರಾಯಕ್ಕೆ ಮಾತ್ರ ಬಿಡದೆ, ಹಲವರು ಕೂಡಿ ಪರಾಮರ್ಶಿಸ ಹತ್ತಿದರು.

ಮೊದಲನೆಯ ಸಂಗತಿಯು, ನಾವು ಹಿಡಿದಿಟ್ಟಿರುವವರಲ್ಲಿ ಬಹುಮಂದಿ ಹಿಡಿದಿಡಬೇಕಾದವರಲ್ಲವೆಂದು ಹೇಳುವುದು. ಎರಡನೆಯದು, ಬಿಡತಕ್ಕವನು ಯಾರೆಂಬುದನ್ನು ಒಬ್ಬನೇ ನಿರ್ಣಯಿಸಲಾರನೆಂದು ಹೇಳುವುದು. ಎರಡೂ ಸೇರಿ ಒಂದೇ ಪಾಠ.

೮

ಹಾಗಾದರೆ ಹಲವರು ಕೂಡಿ ಮಾಡುವ ಕೆಲಸವೇನು? ವೈದ್ಯನು ಬೇನೆಯ ಗತಿಯನ್ನೂ ಔಷಧದ ಪ್ರಮಾಣವನ್ನೂ ನೋಡುವನು. ದಾದಿಯು, ರಾತ್ರಿಯ ನಿದ್ರೆ ಹೇಗಿದೆ, ಗುಳಿಗೆಯನ್ನು ತಾನಾಗಿ ಕೇಳಿ ನುಂಗುವನೋ ಬಲವಂತಕ್ಕೋ ಎಂಬುದನ್ನು ಬಲ್ಲಳು. ನಡೆದುಹೋದ ಕೃತ್ಯವನ್ನು ಅವನು ಹೇಗೆ ಅರ್ಥಮಾಡಿಕೊಂಡಿರುವನು, ಅದರ ದುಃಖವನ್ನು ಹೇಗೆ ಹೊರುತ್ತಿರುವನು ಎಂಬುದನ್ನು ಮನಶ್ಶಾಸ್ತ್ರಜ್ಞನು ವಿಚಾರಿಸುವನು. ಸಮಾಜಕಾರ್ಯಕರ್ತೆಯು ಮನೆಗೆ ಹೋಗಿ, ಅವನು ಮಲಗುವುದೆಲ್ಲಿ, ಅನ್ನ ಹಾಕುವವರಾರು, ಪೆಟ್ಟುತಿಂದವರ ಕುಟುಂಬವು ಎಷ್ಟು ದೂರದಲ್ಲಿದೆ, ಅವರ ಮನಸ್ಸು ಹೇಗಿದೆ ಎಂದು ತಿಳಿಯುವಳು. ನ್ಯಾಯಾಲಯದ ಆಜ್ಞೆಗೆ ಬೇಕಾದುದನ್ನು ವಕೀಲನು ನೋಡುವನು. ಎಲ್ಲಕ್ಕಿಂತ ಮೊದಲು ರೋಗಿಯೇ ತನ್ನ ಬೇನೆಯು ಬರುವ ದಾರಿಯನ್ನು ಗುರುತಿಸಲು ಕಲಿಯುವನು: ನಿದ್ರೆ ತಪ್ಪುವುದು, ಊಟ ಬಿಡುವುದು, ಸಂಶಯ ಮೂಡುವುದು. ಈ ಲಕ್ಷಣಗಳು ಕಂಡರೆ ಯಾರು ಯಾರಿಗೆ ಹೇಳಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂಬುದು ಒಂದು ಹಾಳೆಯಲ್ಲಿ ಬರೆಯಲ್ಪಡುವುದು. ಅನುಮತಿ ದೊರೆತಲ್ಲಿ ಮೊದಲು ಒಂದು ದಿನ, ಬಳಿಕ ಒಂದು ವಾರ ಮನೆಯಲ್ಲಿದ್ದು ನೋಡುವುದೂ ಉಂಟು. ಮನೆಯಿಲ್ಲದವರಿಗೆ ಹಾಫ್‌ವೇ ಹೋಂ ಎಂಬ ನಡುದಾರಿಯ ಮನೆಗಳು ಬೇಕು; ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಷಿಪ್ ಮೊದಲಾದ ಸಂಸ್ಥೆಗಳು ದಶಕಗಳಿಂದ ಇಂಥ ಮನೆಗಳನ್ನು ನಡೆಸಿಕೊಂಡು ಬಂದಿರುವುವು.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಈ ಕ್ರಮವನ್ನು ಬಿಡುಗಡೆ ಹೊಂದುವ ಎಲ್ಲ ರೋಗಿಗಳ ವಿಷಯದಲ್ಲಿಯೂ ಕರ್ತವ್ಯವನ್ನಾಗಿ ಮಾಡಿತು. ಅದರ ೯೮ನೆಯ ಪ್ರಕರಣದಂತೆ, ಚಿಕಿತ್ಸೆ ಮಾಡಿದ ಮನೋವೈದ್ಯನು ರೋಗಿಯೊಡನೆಯೂ, ಅವನು ನಾಮಕರಣ ಮಾಡಿದ ಪ್ರತಿನಿಧಿಯೊಡನೆಯೂ, ಅವನು ಹೋಗಿ ಸೇರುವ ಮನೆಯವರೊಡನೆಯೂ, ಮುಂದೆ ನೋಡಿಕೊಳ್ಳುವ ವೈದ್ಯನೊಡನೆಯೂ ಸಮಾಲೋಚಿಸಿ, ಮುಂದಿನ ಚಿಕಿತ್ಸೆಯ ಯೋಜನೆಯು ಸಿದ್ಧವಾಗುವಂತೆ ನೋಡಿಕೊಳ್ಳಬೇಕು. ೧೦೩ನೆಯ ಪ್ರಕರಣವು ಬಂಧಿತರಾದ ರೋಗಿಗಳ ಸ್ಥಿತಿಯನ್ನು ಕುರಿತು ಆರು ತಿಂಗಳಿಗೊಮ್ಮೆ ವಿಶೇಷ ವರದಿಯನ್ನು ಬೇಡುವುದು. ೧೯೧೨ರ ಆ ಹಳೆಯ ಆರು ತಿಂಗಳೇ ಮತ್ತೆ ಬಂದಿರುವುದನ್ನು ವಾಚಕರು ಗಮನಿಸಬೇಕು. ಇದಲ್ಲದೆ ಮೇಲ್ವಿಚಾರಣೆಗೆ ಪುನರ್ವಿಮರ್ಶಾ ಮಂಡಲಿಗಳನ್ನು ಕಾಯಿದೆಯು ಕಲ್ಪಿಸಿದೆ. ಜಿಲ್ಲಾ ನ್ಯಾಯಾಧೀಶರೋ ಅದಕ್ಕೆ ಅರ್ಹರಾದವರೋ ಅಧ್ಯಕ್ಷರು. ವೈದ್ಯರಲ್ಲದೆ, ಬೇನೆಯನ್ನು ಅನುಭವಿಸಿದವರಿಗೂ ಆರೈಕೆ ಮಾಡಿದವರಿಗೂ ಅದರಲ್ಲಿ ಸ್ಥಾನವುಂಟು.

ಇದರ ಅಗತ್ಯವೆಷ್ಟೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಲೆಕ್ಕವಿದೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿ ನಿಮ್ಹಾನ್ಸ್ ವೈದ್ಯರು ೫,೦೨೪ ಮಂದಿ ಬಂದಿಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಂತೆ, ಮದ್ಯಾದಿ ವ್ಯಸನಗಳನ್ನು ಬಿಟ್ಟರೂ ನೂರಕ್ಕೆ ಇಪ್ಪತ್ತೇಳಕ್ಕೆ ಮೇಲ್ಪಟ್ಟವರಲ್ಲಿ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆ ಕಂಡುಬಂದಿತು. ಇವರೆಲ್ಲರೂ ಒಂದು ದಿನ ಯಾವುದೋ ಬೀದಿಗೆ ಮರಳುವವರೇ. ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗವು, ಹಳ್ಳಿಯ ಆರೋಗ್ಯ ಕೇಂದ್ರದವರೇ ಮನೋರೋಗಿಗಳನ್ನು ನೋಡಿಕೊಳ್ಳಬಲ್ಲರೆಂದು ತೋರಿಸಿ, ದೇಶಕ್ಕೆಲ್ಲ ಮಾದರಿಯಾಯಿತು. ಔಷಧವು ತಾಲ್ಲೂಕಿನಲ್ಲಿಯೇ ದೊರೆತರೆ, ಮರಳಿ ಬಂದವನು ಅದನ್ನು ಬಿಡುವ ಸಂಭವ ಕಡಿಮೆ. ಕಾಯಿದೆಯ ಅಕ್ಷರವೂ ಊರಿನ ಔಷಧಾಲಯವೂ ಕೂಡಿದಲ್ಲಿ ಮಾತ್ರ ಬಿಡುಗಡೆಯು ಬಿಡುಗಡೆಯಾಗುವುದು.

೯

ನನ್ನ ಶಿಷ್ಯನ ಸಂಗತಿಯನ್ನು ಅರ್ಧಕ್ಕೆ ಬಿಟ್ಟಿದ್ದೆನು. ತಾಯಿ ಸತ್ತು ಐದು ವರ್ಷಗಳಾದ ಮೇಲೆ, ಆಸ್ಪತ್ರೆಯಿಂದ ಒಬ್ಬ ಸಮಾಜಕಾರ್ಯಕರ್ತೆ ನಮ್ಮ ಬೀದಿಗೆ ಬಂದಳು. ಒಂದು ಸಲವಲ್ಲ, ಮೂರು ಸಲ. ಅವನ ತಂಗಿಯ ಮನೆಗೂ, ಸತ್ತವರ ಹೆಂಡತಿಯ ಮನೆಗೂ, ಕೊನೆಗೆ ನನ್ನ ಮನೆಗೂ ಬಂದು ಕುಳಿತು, ನಮ್ಮ ಭಯಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು. ಯಾರಿಗೂ ‘ಹೆದರಬೇಡಿ’ ಎನ್ನಲಿಲ್ಲ. ತಂಗಿಯು ವಶಕ್ಕೆ ತೆಗೆದುಕೊಳ್ಳಲು ಒಪ್ಪಿದಳು. ಅವಳ ಗಂಡನು ಔಷಧ ತರುವ ಕೆಲಸವನ್ನು ವಹಿಸಿಕೊಂಡನು. ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬನು ಮಾಲೆ ಕಟ್ಟುವ ಕೆಲಸ ಕೊಟ್ಟನು. ಸತ್ತವರ ಹೆಂಡತಿಯು ‘ಅವನು ನನ್ನ ಬಾಗಿಲಿಗೆ ಬರಬಾರದು’ ಎಂದಳು. ಆ ಮಾತನ್ನೂ ಹಾಳೆಯಲ್ಲಿ ಬರೆದರು.

ನನ್ನ ಪಾಲಿಗೆ ಬಂದುದು ಬಹಳ ಚಿಕ್ಕದು. ಬೆಳಗ್ಗೆ ನಾನು ಹೂವು ತರಲು ಹೋದಾಗ ಅವನು ಅಂಗಡಿಯಲ್ಲಿಲ್ಲದಿದ್ದರೆ ಅವನ ತಂಗಿಗೆ ತಿಳಿಸಬೇಕು, ಅಷ್ಟೇ. ಇಡೀ ಹೊರೆಯನ್ನು ಹೊರಲಾರದೆ ಓಡಿದವನಿಗೆ ಈ ಒಂದು ಎಳೆಯನ್ನು ಹಿಡಿಯುವುದು ಕಷ್ಟವಾಗಲಿಲ್ಲ. ಎರಡು ಸಲ ನಾನು ಹಾಗೆ ತಿಳಿಸಿದ್ದುಂಟು. ಒಮ್ಮೆ ಅವನಿಗೆ ಬರಿಯ ಜ್ವರ. ಇನ್ನೊಮ್ಮೆ ಮೂರು ರಾತ್ರಿ ನಿದ್ರೆಯಿಲ್ಲದೆ ಕುಳಿತಿದ್ದನು; ಅಂದೇ ಆಸ್ಪತ್ರೆಗೆ ಕರೆದೊಯ್ದರು; ಹನ್ನೆರಡು ದಿನಗಳಲ್ಲಿ ಮರಳಿ ಬಂದನು. ಆ ದಿನ ಯಾರೂ ನೋಡದಿದ್ದರೆ ಏನಾಗುತ್ತಿದ್ದಿತೋ ಹೇಳಲಾರೆ.

ಅವನಿಗೆ ಈಗ ಐವತ್ತೈದು ದಾಟಿದೆ. ನನ್ನನ್ನು ಕಂಡರೆ ಎದ್ದು ನಿಲ್ಲುವನು. ಅವನ ತಾಯಿ ನನ್ನ ಮನೆಗೆ ಬಂದಿದ್ದ ಸಂಗತಿ ಅವನಿಗೆ ತಿಳಿದಿದೆಯೋ ಇಲ್ಲವೋ ನಾನು ಕೇಳಿಲ್ಲ.

ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದನು. ಆ ಮಹರ್ಷಿಯ ಮುಂದೆ ನಾನು ಅಲ್ಪನು. ಆದರೂ, ಕಾವಲಿನಿಂದ ಮನೆಗೆ ಮರಳುವವನ ವಿಷಯದಲ್ಲಿ ಐದನೆಯ ಪಾದವೊಂದು ಬೇಕೆಂದು ಅನುಭವದಿಂದ ಕಲಿತೆನು. ಅದು ಅವನು ಬಂದು ಸೇರುವ ಬೀದಿ. ಹೊಣೆ ಯಾರೆಂದು ಜಗುಲಿಯ ಮೇಲೆ ಕುಳಿತು ಕೇಳುವ ಹಿರಿಯರಿಗೆ ನಾನು ಈಗ ಕೊಡುವ ಉತ್ತರವಿಷ್ಟೆ: ಒಬ್ಬರೂ ಅಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ, ಆದರೆ ಯಾರದು ಎಷ್ಟೆಂಬುದನ್ನು ಅವನು ಬರುವುದಕ್ಕೆ ಮುಂಚೆಯೇ ಕುಳಿತು ಬರೆದಿಟ್ಟುಕೊಳ್ಳಬೇಕು.